ಎಲ್ಲಿಗೂ ಇಲ್ಲ, ಸುಮ್ಮನೆ

ಬೇರೆ ಊರುಗಳಲ್ಲಿ ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದಂತೆ, ಅಪಶಕುನವಂತೆ. ನಮ್ಮೂರಲ್ಲಿ ಕೇಳದೆ ಬಿಟ್ಟರೇ ಅಪಶಕುನ. ಹೆದ್ದಾರಿ ಬಿಟ್ಟು ಮರಳಿನ ಕಡೆ ಇಳಿಯುವವರು ಯಾರೇ ಆಗಲಿ, ಹಾದಿಯ ಬಾಯಲ್ಲಿ ಚಹದಂಗಡಿ ಇಟ್ಟುಕೊಂಡ ಖಾತುನಮ್ಮ ಕೈ ಅಡ್ಡ ಹಾಕಿ ಕೇಳುತ್ತಾಳೆ. ಹೊರಟವರು ಊರಿನ ಹೆಸರನ್ನೋ ಮನುಷ್ಯರ ಹೆಸರನ್ನೋ ಬಾಯಿಬಿಟ್ಟು ಹೇಳಬೇಕು. ಆಮೇಲೆ ಆಕೆ 'ಹೋಗಿ ಬಾ' ಎನ್ನುತ್ತಾಳೆ. ಇದು ಪೂಜೆಯೂ ಅಲ್ಲ, ಶಾಸ್ತ್ರವೂ ಅಲ್ಲ. ನಮ್ಮ ಕಡೆಯ ಮರಳಿನ ಹಾದಿಗಳು ಹಿಂದಿನ ಸಲ ಹೋದವರ ಮನಸ್ಸು ಎಲ್ಲಿತ್ತೋ ಅಲ್ಲಿಗೆ ಹೋಗುತ್ತವೆ. ನೀವು ಇವತ್ತು ಆಚೆಬಾವಿ ಆಚೆಬಾವಿ ಎಂದುಕೊಂಡು ಹೋದರೆ ನಿಮ್ಮ ಹಿಂದೆ ಹೋಗುವವರು ಆಚೆಬಾವಿ ಮುಟ್ಟುತ್ತಾರೆ. ನಿಮ್ಮ ಮನಸ್ಸು ಸಂತೆಯಲ್ಲಿ ಬಿಟ್ಟುಬಂದ ಕೊಡೆಯ ಮೇಲಿದ್ದರೆ ಅವರು ಸಂತೆಗೆ ಹೋಗಿ ನಿಲ್ಲುತ್ತಾರೆ. ಹೋಗುವ ದಾರಿಗೆ ಹೋದವರ ಮನಸ್ಸು, ಬರುವ ದಾರಿಗೆ ಬಂದವರ ಮನಸ್ಸು, ಅಷ್ಟೇ. ಡಾಂಬರು ರಸ್ತೆಗೆ ಈ ಗೊಡವೆ ಇಲ್ಲ, ಅದು ಯಾರ ಮನಸ್ಸನ್ನೂ ಕೇಳುವುದಿಲ್ಲ.

ಹೀಗಿರುವುದರಿಂದ ನಮ್ಮಲ್ಲಿ ಒಬ್ಬರ ಮನೆಯ ಹಾದಿಯಲ್ಲಿ ಇನ್ನೊಬ್ಬರು ಕಾಲಿಡುವುದಿಲ್ಲ. ಆಚೆಬಾವಿಯ ಹಾದಿ ನಮ್ಮ ಮನೆಯದು, ಆ ಕಡೆಯಿಂದ ಆಚೆಬಾವಿಯವರು ಅಪರೂಪಕ್ಕೆ ಬರುತ್ತಾರೆ. ನಮ್ಮವ್ವನ ತವರು ಅದು. ಅವ್ವನನ್ನು ನೋಡಲು ಹೋದ ನಮ್ಮಪ್ಪ, ಮದುವೆಗೆ ಮುಂಚೆ, ಆಕೆಯೊಬ್ಬಳನ್ನೇ ನೆನೆಸುತ್ತ ಕತ್ತೆಯ ಮೇಲೆ ಕೂತು ಹೋಗಿಬಂದು ಹೋಗಿಬಂದು ಹಾಕಿದ ಹಾದಿ. ಅಪ್ಪ ಅವ್ವ ಇಬ್ಬರೂ ಈಗಿಲ್ಲ. ತಂಗಿ ನಿಂಬೆವ್ವನನ್ನು ಅದೇ ಆಚೆಬಾವಿಗೆ, ಉಪ್ಪಿನ ಗದ್ದೆಯಲ್ಲಿ ಕೆಲಸ ಮಾಡುವ ಸಂಗಣ್ಣನಿಗೆ ಕೊಟ್ಟಿದ್ದೇವೆ. ಕೊಟ್ಟವಳು ನಾನೇ, ಬಾಳವ್ವ. ಟೆಂಪೊ ಓಡಿಸುತ್ತೇನೆ. ನೀರಿನ ಡ್ರಮ್ಮು, ಹಿಟ್ಟಿನ ಚೀಲ, ಗ್ಯಾಸು, ಯಾರು ಏನು ಹೇರಿದರೂ ಹೊರುತ್ತೇನೆ. ಸಿಟ್ಟಿನ ಹೆಂಗಸು ಎಂದು ಊರಲ್ಲಿ ಹೆಸರಿದೆ. ಹೆಸರು ಸುಳ್ಳಲ್ಲ.

ನಿಂಬೆವ್ವ ಚೊಚ್ಚಲ ಬಸುರಿ. ಅವ್ವ ಇಲ್ಲದ ಮೇಲೆ ಅವಳಿಗೆ ತವರು ಎಂದರೆ ನಾನೇ. ಒಂಬತ್ತು ತುಂಬಿತ್ತು. ಆಚೆಬಾವಿಯಲ್ಲಿ ಹೆರಿಗೆ ಮಾಡಿಸುತ್ತಿದ್ದ ಮುದುಕಿ ಹೋದ ವರ್ಷ ತೀರಿಕೊಂಡಿದ್ದಳು. ಅಲ್ಲಿಗೆ ಫೋನು ಹತ್ತುವುದಿಲ್ಲ. ಆಸ್ಪತ್ರೆ ಇರುವುದು ನಮ್ಮೂರಲ್ಲಿ. ಅಮಾವಾಸ್ಯೆ ಕಳೆದ ಸೋಮವಾರ ಬಂದು ಉಡಿ ತುಂಬಿ ಕರೆದುಕೊಂಡು ಬರುತ್ತೇನೆ ಎಂದು ಮಾತಾಗಿತ್ತು. ಕರೆಯಲು ಬಾರದೆ ಬಸುರಿ ತಾನಾಗಿ ತವರಿಗೆ ಹೋಗುವಂತಿಲ್ಲ. ಈ ಪದ್ಧತಿಯನ್ನು ಯಾವ ಪುಣ್ಯಾತ್ಮ ಮಾಡಿಟ್ಟನೋ, ಅವನನ್ನು ಯಾರೂ ಹೆತ್ತಿರಲಿಕ್ಕಿಲ್ಲ.

ಸೋಮವಾರ ಬೆಳಿಗ್ಗೆ ಹಸಿರು ಸೀರೆ, ಕುಪ್ಪಸದ ಖಣ, ಕೊಬ್ಬರಿ, ಅಕ್ಕಿ ಎಲ್ಲ ಕಟ್ಟಿಕೊಂಡು, ಟೆಂಪೊದ ಹಿಂದೆ ಹಾಸಿಗೆ ಹಾಸಿ, ಹಾದಿಯ ಬಾಯಿಗೆ ಬಂದೆ. ಖಾತುನಮ್ಮ ಕೈ ಅಡ್ಡ ಹಾಕಿದಳು. ಆದರೆ ಎಲ್ಲಿಗೆ ಎಂದು ಕೇಳಲಿಲ್ಲ. ಗಾಡಿಯ ಬಾಗಿಲು ಹಿಡಿದು ನಿಂತಳು.

"ಬಾಳವ್ವ, ಇಳಿ ಕೆಳಗ. ನಿನ್ನಿ ಉಳವಪ್ಪನ ಜೀಪಿನವರು ನಿಮ್ಮ ಹಾದ್ಯಾಗ ಹೋಗ್ಯಾರವ್ವಾ."

ಉಳವಪ್ಪ ಸಾವಕಾರ ಹೆದ್ದಾರಿಯ ಪಕ್ಕ ಹಳದಿ ಬಣ್ಣದ ಲಾಡ್ಜು ಕಟ್ಟಿಸಿದ್ದಾನೆ. ದೂರದ ನಗರಗಳಿಂದ ಎತ್ತರದ ಜೀಪು ತಗೊಂಡು ಜನ ಬರುತ್ತಾರೆ. ಅವರಿಗೆ ಹೆದ್ದಾರಿ ಬೇಸರವಂತೆ. ಯಾರೂ ಹೋಗದ, ಯಾರೂ ಕಾಣದ ಹಾದಿ ಬೇಕಂತೆ. ಇಷ್ಟು ದಿನ ಅವರನ್ನು ಹಳೆಯ ಕಲ್ಲುಗಣಿಯ ಕಡೆ ಕಳಿಸುತ್ತಿದ್ದ, ಅಲ್ಲಿಗೆ ಹೋಗುವ ಕೆಲಸ ಯಾರಿಗೂ ಇರಲಿಲ್ಲ, ಊರು ಸುಮ್ಮನಿತ್ತು. ಈ ಸಲ ಬಂದವರಿಗೆ ಅದು ಸಾಲಲಿಲ್ಲ. ಅವರನ್ನು ಮಾಳಿಗೆಗೆ ಹತ್ತಿಸಿ, ಹೆಣ್ಣು ತೋರಿಸಿದ ಹಾಗೆ ಒಂದೊಂದೇ ಹಾದಿ ತೋರಿಸಿದನಂತೆ. ಒಂದರ ಬದಿಯಲ್ಲಿ ಜಾಲಿ ಹೆಚ್ಚು, ಬೇಡ. ಇನ್ನೊಂದರಲ್ಲಿ ಕುರಿಯವರು, ಬೇಡ. ಕಡೆಗೆ ನಮ್ಮದು ಒಪ್ಪಿಗೆಯಾಯಿತು. ಮರಳು ಚೆಂದ, ದಿಬ್ಬ ಚೆಂದ, ಗಾಲಿಯ ಗುರುತೇ ಇಲ್ಲ. ಗುರುತು ಯಾಕಿಲ್ಲ ಎಂದರೆ ಅದರಲ್ಲಿ ಹೋಗಬೇಕಾದವಳು ಸೋಮವಾರಕ್ಕೆ ಕಾಯುತ್ತಿದ್ದಳು. ಖಾಲಿ ಇರುವುದೆಲ್ಲ ಯಾರದೂ ಅಲ್ಲ ಎಂದು ತಿಳಿಯುವ ಜನರಿಗೆ ಏನು ಹೇಳುವುದು.

"ಕೇಳಲಿಲ್ಲೇನು ನೀನು?" ಎಂದೆ.

"ಕೇಳಲಾರದ ಬಿಡ್ತೀನೇನು? ಕರಿ ಕನ್ನಡಕದವ ನಕ್ಕು ಏನಂದ ಗೊತ್ತೈತಿ? 'ಎಲ್ಲಿಗೂ ಇಲ್ಲ ಅಜ್ಜಿ, ಸುಮ್ನೆ' ಅಂದ. ಹಂಗ ಅನಬಾರದಪಾ, ಒಂದ್ ಹೆಸರರ ಹೇಳು ಅಂದ್ನಿ. ಅಷ್ಟರಾಗ ಉಳವಪ್ಪ ಗಾಡಿಯಿಂದ ಇಳದು ಬಂದು, 'ನನ್ನ ಗಿರಾಕಿಗೋಳನ್ನ ಪೊಲೀಸರಂಗ ತರಬಿ ಕೇಳಬ್ಯಾಡ, ಅವರಿಗೆ ಬ್ಯಾಸರ ಆಕ್ಕೈತಿ' ಅಂತ ನನ್ನs ದಬಾಯಿಸಿದ."

ಅವನು ನಮ್ಮೂರಲ್ಲೇ ಹುಟ್ಟಿದವನು. ಪರವೂರಿನವರಿಗೆ ಗೊತ್ತಿಲ್ಲ, ಬಿಡಿ. ಇವನಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಸುಮ್ಮನಿದ್ದ. ಬಾಯಲ್ಲಿ ಆಚೆಬಾವಿ ಎಂದು ಹೇಳಿ ಗಾಡಿ ಬಿಟ್ಟೆ, ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ದಾರಿಯುದ್ದಕ್ಕೂ ಉಳವಪ್ಪನಿಗೆ ಬೈದೆ. ಅವನ ಲಾಡ್ಜಿಗೆ ಬೈದೆ, ಅವನ ಹಳದಿ ಬಣ್ಣಕ್ಕೆ ಬೈದೆ. ಮೊದಲ ದಿಬ್ಬ ಸರಿಯಾಗಿಯೇ ಬಂತು. ಎಕ್ಕದ ಗಿಡಗಳ ತಿರುವೂ ಬಂತು. ಅದರಾಚೆ ಉಪ್ಪಿನ ಬಿಳುಪು ಕಾಣಬೇಕು. ಕಾಣಲಿಲ್ಲ. ಹಾದಿ ಒಂದು ಬರಿಯ ಬಯಲಿಗೆ ಹೋಗಿ ನಿಂತುಬಿಟ್ಟಿತು. ಮುಂದೆ ಏನೂ ಇಲ್ಲ, ಪಕ್ಕದಲ್ಲೂ ಏನೂ ಇಲ್ಲ. ಜೀಪುಗಳು ಗರಗರ ಸುತ್ತಿದ ಗುರುತು, ಖಾಲಿ ನೀರಿನ ಬಾಟಲಿಗಳು, ತಿಂದೆಸೆದ ಕಿತ್ತಳೆಯ ಸಿಪ್ಪೆ. ಸುಮ್ಮನೆ ಎಂದರೆ ಇದು. ಹಾದಿ ಬಿಟ್ಟು ಮುಂದೆ ಹೋಗೋಣವೆಂದರೆ ಮರಳಿಗೆ ಇಳಿದ ಗಾಲಿ ಮೇಲೇಳುವುದಿಲ್ಲ. ಹಾಗೆ ಹೋದವರ ಕತೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ.

ಗಾಡಿ ತಿರುಗಿಸಿದೆ. ಖಾತುನಮ್ಮನ ಅಂಗಡಿಗೆ ಬಂದು ಸೇರಬೇಕಿತ್ತು. ಬಂದು ನಿಂತದ್ದು ಲಾಡ್ಜಿನ ಅಂಗಳದಲ್ಲಿ, ಕುಂಡದ ಗಿಡಗಳ ನಡುವೆ. ಜೀಪಿನವರು ಬರುವಾಗ ತಣ್ಣೀರಿನ ಸ್ನಾನ, ಬಿಸಿ ಊಟ ನೆನೆಸಿಕೊಂಡು ಬಂದಿದ್ದರಲ್ಲ. ಹೋಗುವಾಗ ಇಲ್ಲದ ಮನಸ್ಸು ಊಟಕ್ಕೆ ಬರುವಾಗ ಇತ್ತು ಅವರಿಗೆ.

ಉಳವಪ್ಪ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಎಲೆ ಅಡಿಕೆ ಹಾಕುತ್ತಿದ್ದ.

"ಏನ್ ಬಾಳವ್ವ, ನೀರು ತಂದಿಯೇನು?"

"ನನ್ನ ತಂಗೀನ ತರಾಕ ಹೋಗಿದ್ನಿರಿ ಸಾವಕಾರ್ರ. ನಿಮ್ಮ ಗಿರಾಕಿಗೋಳು ಹಾದೀನ ನುಂಗಿ ಕುಂತಾರ. ಆಕಿಗೆ ಒಂಬತ್ತು ತುಂಬೈತಿ."

"ಅದಕ್ಕ ಇಷ್ಟ್ಯಾಕ ಒದರತಿ? ಮತ್ತೊಮ್ಮೆ ಹೋಗು, ಸರಿ ಆಕ್ಕೈತಿ. ಹಾದಿ ಏನು ನಿಮ್ಮಪ್ಪ ಹಾಕಿದ್ದೇನು?"

"ಹೌದ್ರಿ. ನಮ್ಮಪ್ಪನ ಹಾಕಿದ್ದು."

ಅವನು ಬಾಯಲ್ಲಿದ್ದ ಎಲೆ ಅಡಿಕೆ ಉಗಿದ. ಆಮೇಲೆ ನಕ್ಕ. ಹಿಂದೆ ಜಗಲಿಯಲ್ಲಿ ಕೂತಿದ್ದ ಕರಿ ಕನ್ನಡಕದವನೂ ನಕ್ಕ. ಅವನಿಗೆ ಯಾಕೆ ನಗುತ್ತಿದ್ದೇನೆಂಬುದು ಗೊತ್ತಿರಲಿಲ್ಲ, ಸಾವಕಾರ ನಕ್ಕನೆಂದು ನಕ್ಕ. "ಸಮಾಧಾನ ಇರಲಿ ತಂಗಿ, ಸಿಟ್ಟು ಬ್ಯಾನಿಗೆ ಮೂಲ," ಎಂದ ಉಳವಪ್ಪ. ಕೈಯಲ್ಲಿದ್ದ ಜ್ಯಾಕಿನ ಹ್ಯಾಂಡಲ್ಲು ಅವನ ತಲೆಗೆ ಬೀಳದೆ ಉಳಿದದ್ದು ನಮ್ಮವ್ವ ಮಾಡಿದ ಪುಣ್ಯ.

ಮರುದಿನ ಮತ್ತೆ ಹೋದೆ. ನಿನ್ನೆ ನಾನು ನೆಟ್ಟ ಮನಸ್ಸು ಇವತ್ತು ಹಾದಿಯಾಗಬೇಕು. ಆಯಿತು. ಮೊದಲ ದಿಬ್ಬ ಬಂತು, ಎಕ್ಕದ ತಿರುವು ಬಂತು, ತಿರುವಿನಾಚೆ ಹಳದಿ ಗೋಡೆ ಬಂತು. ಕುಂಡದ ಗಿಡಗಳು, ಕಟ್ಟೆ, ಕುರ್ಚಿ, ಉಳವಪ್ಪ. ನಿನ್ನೆ ದಾರಿಯುದ್ದಕ್ಕೂ ಬೈದದ್ದು ಅವನಿಗೇ ಅಲ್ಲವೇ, ಹಾದಿ ಪಾಪ ಅಲ್ಲಿಗೇ ತಂದು ಬಿಟ್ಟಿತ್ತು. ಅವನು ಕುರ್ಚಿಯಿಂದ ಏಳದೆ, "ಇವತ್ತ ಏನ್ ತಂದಿ?" ಎಂದ.

ಖಾತುನಮ್ಮ ಚಹ ಕೊಟ್ಟು ಬುದ್ಧಿ ಹೇಳಿದಳು. "ನಿನ್ನ ಮನಸ್ಸು ಅವನ ಕೊಳ್ಳಪಟ್ಟಿ ಹಿಡಕೊಂಡು ಕುಂತೈತಿ. ಅದನ್ನ ಬಿಡಿಸು. ಸಿಟ್ಟು ಇಲ್ಲೇ ನನ್ನ ಅಂಗಡ್ಯಾಗ ಇಟ್ಟು, ತಂಗೀದು ಒಂದs ನೆನಸಗೋತ ಹೋಗು."

"ನೀನs ಹೋಗಿಬರಬಾರದೇನು? ನಿನಗೇನು ಸಿಟ್ಟಿಲ್ಲ."

"ನಾ ಹೋದರ ನನ್ನ ಮನಸ್ಸು ಒಲಿ ಮ್ಯಾಲಿನ ಹಾಲಿನ ಮ್ಯಾಲ ಇರತೈತಿ. ಹಾದಿ ನನ್ನ ಅಂಗಡಿಗೇ ಬರತೈತಿ. ಒಬ್ಬರ ಸಲುವಾಗಿ ಇನ್ನೊಬ್ಬರಿಗೆ ಮನಸ್ಸು ಮಾಡಾಕ ಬರೂದಿಲ್ಲವ್ವ."

ಅದು ನಿಜವೇ. ಪಕ್ಕದ ಮನೆಯ ಮಹಾದೇವಣ್ಣ ನನ್ನ ಮೇಲೆ ಕನಿಕರಪಟ್ಟು ಒಂದು ಸಲ ಬೈಕಿನಲ್ಲಿ ಹೋಗಿಬಂದ. ಮರುದಿನ ನಾನು ಹೋದರೆ ಹಾದಿ ನೇರ ಅವನ ಮನೆಯ ಹಿತ್ತಲಿಗೆ ಕರೆದೊಯ್ದಿತು. ಒಣಹಾಕಿದ ಬಟ್ಟೆಯ ಕೆಳಗೆ ಟೆಂಪೊ ನಿಂತಿತ್ತು. ಪಾಪ, ಹೆಂಡತಿಗೆ ಹೇಳದೆ ಬಂದಿದ್ದನಂತೆ.

ಖಾತುನಮ್ಮ ಹೇಳಿದಂತೆ ಮಾಡಲು ನೋಡಿದೆ. ನಿಂಬೆವ್ವನ ಮುಖ ಕಣ್ಣ ಮುಂದೆ ತಂದುಕೊಂಡೆ. ಸಣ್ಣವಳಿದ್ದಾಗ ಅವಳು ನನ್ನ ಬೆನ್ನ ಮೇಲೆ ಕೂತು ಕಿವಿ ಹಿಡಿದು ಗಾಡಿ ಓಡಿಸಿದಂತೆ ಆಡುತ್ತಿದ್ದದ್ದು ನೆನೆಸಿಕೊಂಡೆ. ಅವಳೀಗ ಬಾಗಿಲಲ್ಲಿ ಕೂತು ಹಾದಿ ನೋಡುತ್ತಿರಬಹುದು ಎಂದುಕೊಂಡೆ. ಹಾಗೆ ಅಂದುಕೊಂಡ ಕೂಡಲೇ, ಅವಳನ್ನು ಹಾಗೆ ಕೂರಿಸಿದವನು ಯಾರು ಎಂಬುದು ಹಿಂದೆಯೇ ಬಂತು. ಅವಳು ಬಂದರೆ ಅವನೂ ಬರುತ್ತಿದ್ದ. ಇಬ್ಬರನ್ನೂ ಹೇಗೆ ಬೇರೆ ಮಾಡಲಿ? ಕೈ ಸುಟ್ಟವಳಿಗೆ ಬೆಂಕಿಯನ್ನು ಮರೆತು ಕೈಯನ್ನಷ್ಟೇ ನೆನೆಸಿಕೋ ಎಂದ ಹಾಗಾಯಿತು. ಮತ್ತೆ ಹಳದಿ ಗೋಡೆ. ಮತ್ತೆ ಕುಂಡದ ಗಿಡ. ಹೋದರೂ ಲಾಡ್ಜು, ಗಾಡಿ ತಿರುಗಿಸಿ ಮರಳಲ್ಲೇ ಬಂದರೂ ಲಾಡ್ಜು.

ಊರಿನವರೆಲ್ಲ ನನಗೇ ಹೇಳತೊಡಗಿದರು. ಬಾಳವ್ವ, ಸ್ವಲ್ಪ ತಣ್ಣಗಾಗು. ಬಾಳವ್ವ, ಸಿಟ್ಟು ಬಿಡು, ತಂಗಿ ಸಿಗುತ್ತಾಳೆ. ಗುಡಿಯ ಅಯ್ಯನವರು ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳಲು ಹೇಳಿಕೊಟ್ಟರು. ಉಳವಪ್ಪನಿಗೆ ಹೋಗಿ ಯಾರಾದರೂ ಏನಾದರೂ ಹೇಳಿದರೇ? ಇಲ್ಲ. ಹಾಳು ಮಾಡಿದವನು ತಣ್ಣಗೆ ಎಲೆ ಅಡಿಕೆ ಹಾಕುತ್ತ ಕೂತಿದ್ದಾನೆ, ತಣ್ಣಗಾಗಬೇಕಾದವಳು ನಾನು. ಯಾರದು ಹೋಗಿದೆಯೋ ಅವರೇ ನಗುತ್ತ ಇರಬೇಕು, ಇಲ್ಲದಿದ್ದರೆ ಹೋದದ್ದು ಅವರದೇ ತಪ್ಪು. ಇದು ಯಾವ ಊರಿನ ನ್ಯಾಯ ಎಂದು ಕೇಳಿದರೆ ನಮ್ಮೂರಿನದೇ ಎಂದು ಹೇಳಬೇಕಾಗುತ್ತದೆ, ನಾಚಿಕೆಯಾಗುತ್ತದೆ.

ಆ ವಾರದ ಕೊನೆಗೆ ನನ್ನ ಮೈಯೆಲ್ಲ ಸಿಟ್ಟೇ ಆಗಿತ್ತು. ಬೆಳಿಗ್ಗೆ ಹಾದಿಯ ಬಾಯಲ್ಲಿ ಖಾತುನಮ್ಮ ಎಲ್ಲಿಗೆ ಎಂದಳು. ಸುಳ್ಳು ಹೇಳಿ ಸಾಕಾಗಿತ್ತು. "ಉಳವಪ್ಪನ ಮನಿಗೆ," ಎಂದೆ. ಆಕೆ ಹೋಗಿ ಬಾ ಎನ್ನಲಿಲ್ಲ, ತಲೆ ತಗ್ಗಿಸಿ ಒಲೆ ಊದಿದಳು. ಮುಟ್ಟಿದ್ದು ಅಲ್ಲಿಗೇ. ಕಟ್ಟೆಯ ಮೇಲೆ ಹೊಸ ಗಿರಾಕಿಗಳು ಚಹ ಕುಡಿಯುತ್ತಿದ್ದರು. ಉಳವಪ್ಪ ಈ ಸಲ ಎದ್ದು ಬಂದ. ಗಿರಾಕಿಗಳ ಮುಂದೆ ದಿನಾ ಈ ಗದ್ದಲ ಅವನಿಗೆ ಹಿಡಿಸುತ್ತಿರಲಿಲ್ಲ.

"ನೋಡು, ಒಳ್ಳೇ ಮಾತಲೇ ಹೇಳತೀನಿ. ನಾಳಿಂದ ನಿನ್ನ ಗಾಡಿ ನನ್ನ ಅಂಗಳದಾಗ ಕಾಣಬಾರದು."

"ನಾ ಆಚೆಬಾವಿಗೆ ಹೊಂಟಾಕಿರಿ. ನಿಮ್ಮ ಅಂಗಳ ನಡುವ ಬಂದರ ನಾ ಏನ್ ಮಾಡ್ಲಿ?"

ಅಷ್ಟರಲ್ಲಿ ಅಂಗಳದ ಆ ತುದಿಯಲ್ಲಿ, ಮರಳಿನ ಕಡೆಯಿಂದ, ಟ್ರ್ಯಾಕ್ಟರಿನ ಸದ್ದು ಕೇಳಿತು. ಕುಂಡದ ಗಿಡಗಳನ್ನು ನೂಕಿಕೊಂಡು ಉಪ್ಪು ಮೆತ್ತಿದ ಟ್ರ್ಯಾಕ್ಟರು ಒಳಗೆ ಬಂತು. ಓಡಿಸುತ್ತಿದ್ದವನು ಸಂಗಣ್ಣ. ಹಿಂದಿನ ಟ್ರೇಲರಿನಲ್ಲಿ ಗೋಣಿಚೀಲಗಳ ಮೇಲೆ, ಎರಡೂ ಕೈಯಲ್ಲಿ ಪಕ್ಕದ ಹಲಗೆ ಹಿಡಿದು, ಕೂದಲು ಬಿಚ್ಚಿ ಹೋದ ನಿಂಬೆವ್ವ. ಸೀರೆ ತೊಯ್ದಿತ್ತು. ನನ್ನನ್ನು ನೋಡಿದವಳೇ ನೋವಿನ ನಡುವೆಯೂ ಬಾಯಿ ತೆಗೆದಳು.

"ಎಲ್ಲಿ ಹಾಳಾಗಿ ಹೋಗಿದ್ದೆಬೇ ಯಕ್ಕಾ? ಸ್ವಾಮಾರ ಬರ್ತೀನಂದಾಕಿ. ಬಾಗಲಾಗ ಕುಂತು ಕುಂತು ನನ್ನ ಕಣ್ಣು ಹೋದವು. ತವರು ಸತ್ತತಿ ಅಂತ ತಿಳಕೊಂಡು ಹೊಂಟ್ನಿ."

ನನಗೆ ಅಳು ಬಂತು. ಅಳುತ್ತಲೇ ಉಳವಪ್ಪನ ಕಡೆ ಕೈ ತೋರಿಸಿದೆ. "ತವರು ಸತ್ತಿಲ್ಲ. ಇವ ಕೊಂದಾನ. ಇವಗ ಕೇಳು."

ನಿಂಬೆವ್ವ ನನ್ನ ತಂಗಿ. ಸಿಟ್ಟು ಮನೆಯಲ್ಲಿ ನನಗೊಬ್ಬಳಿಗೇ ಬಂದದ್ದಲ್ಲ. ಟ್ರೇಲರಿನಿಂದ ನನ್ನ ಹೆಗಲು ಹಿಡಿದು ಇಳಿದು, ಒಂದು ನೋವು ಹೋಗುವ ತನಕ ಹಲ್ಲು ಕಚ್ಚಿ ನಿಂತು, ಆಮೇಲೆ ಉಳವಪ್ಪನನ್ನು ಮೇಲಿಂದ ಕೆಳಗೆ ನೋಡಿದಳು. "ಒಳಗ ಖೋಲಿ ತೆಗೀರಿ," ಎಂದಳು. ಅಷ್ಟೇ. ಅವನು ಖೋಲಿಯೆಲ್ಲ ತುಂಬಿವೆ, ಆಸ್ಪತ್ರೆ ಹತ್ತಿರವೇ ಇದೆ ಎಂದು ಏನೇನೋ ಶುರುಮಾಡಿದ. ಆಸ್ಪತ್ರೆಯ ತನಕ ಹೋಗುವ ಹೊತ್ತು ಅವಳಿಗಿರಲಿಲ್ಲ, ಅದು ಯಾರಿಗಾದರೂ ಕಾಣುತ್ತಿತ್ತು. ನಾನು ಅವನನ್ನು ಪಕ್ಕಕ್ಕೆ ತಳ್ಳಿದೆ. ಕೈ ಮುಟ್ಟಿ ತಳ್ಳಿದೆ, ಸುಳ್ಳು ಯಾಕೆ ಹೇಳಲಿ. ಮುಂದಿನ ಖೋಲಿಯಲ್ಲಿ ಬಿಳಿ ಹಾಸಿಗೆ ಹಾಸಿತ್ತು. ಅದರಲ್ಲಿದ್ದ ಗಿರಾಕಿ ತನ್ನ ಕ್ಯಾಮೆರಾ ಎತ್ತಿಕೊಂಡು ತಾನೇ ಹೊರಗೆ ಓಡಿದ. ಸಂಗಣ್ಣ ನನ್ನ ಟೆಂಪೊ ತಗೊಂಡು ಹೋಗಿ ಆಸ್ಪತ್ರೆಯ ನರ್ಸಮ್ಮನನ್ನು ಕರೆತಂದ. ಹೋಗುವ ದಾರಿಯಲ್ಲಿ ಖಾತುನಮ್ಮನನ್ನೂ ಹತ್ತಿಸಿಕೊಂಡಿದ್ದ. ಆಕೆ ಒಲೆಯ ಮೇಲಿನ ಹಾಲನ್ನು ಹಾಗೇ ಬಿಟ್ಟು ಬಂದಿದ್ದಳು.

ಮಧ್ಯಾಹ್ನದ ಊಟದ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಕೊರಳಿಗೆ ಬಳ್ಳಿ ಸುತ್ತಿಕೊಂಡಿತ್ತು. ನರ್ಸಮ್ಮ ಬಿಡಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೆ, ಆಚೆಬಾವಿಯಲ್ಲೇ ಆಗಿದ್ದರೆ, ಎಂದು ಅವರು ಹೇಳಲು ಹೊರಟಾಗ ನಾನು ಕೈಮುಗಿದು ಬೇಡ ಎಂದೆ. ಮೊದಲು ಕೂಸು ಅಳಲಿಲ್ಲ. ಬೆನ್ನಿಗೆ ಎರಡು ಬಿದ್ದ ಮೇಲೆ ಇಡೀ ಲಾಡ್ಜು ಕೇಳುವಂತೆ ಚೀರಿತು. ಖಾತುನಮ್ಮ, "ಇದೂ ನಿಮ್ಮ ಪೈಕೀನ," ಎಂದಳು.

ಆ ಸಂಜೆ ಆಕೆ ಅಂಗಳದಲ್ಲಿ ನನ್ನ ಪಕ್ಕ ಬಂದು ಕೂತಳು. ಇಷ್ಟು ದಿನ ಸಿಟ್ಟು ಬಿಡು ಎಂದವಳು ಈಗ ಬೇರೆ ಮಾತು ಹೇಳಿದಳು. "ನೀ ದಿನಾ ಬರೂವಾಗ ಅಳಕೋತ, ಅತ್ತಾಗ ಇತ್ತಾಗ ಮನಸ್ಸು ಹರಕೊಂಡು ಬಂದಿದ್ದರ ಈ ಹುಡುಗಿ ಇವತ್ತ ಯಾವ ಮರಳಾಗ ಹೋಗಿ ನಿಂದರತಿತ್ತೋ ಏನೋ. ನಿನ್ನ ಸಿಟ್ಟು ಗಟ್ಟಿ ಇತ್ತು, ಒಂದs ಕಡೆ ಇತ್ತು. ಅದಕ್ಕ ಆಕಿ ಒಂದು ಮನೀಗೆ ಬಂದು ಮುಟ್ಟಿದಳು. ನಾ ಹೇಳಿದ್ದು ತಪ್ಪಾತು ಬಾಳವ್ವ."

ತಪ್ಪಾಯಿತು ಎಂದು ಇಡೀ ಊರಲ್ಲಿ ನನಗೆ ಹೇಳಿದವಳು ಅವಳೊಬ್ಬಳೇ. ಹೇಳಬೇಕಾದವನು ಹೇಳಲಿಲ್ಲ, ಹಾಸಿಗೆ ಹಾಳಾಯಿತೆಂದು ಕೆಲಸದವರ ಮೇಲೆ ಕೂಗಾಡುತ್ತಿದ್ದ.

ಸಂಗಣ್ಣನಿಗೆ ಮನೆಯಲ್ಲಿ ಎಮ್ಮೆ ಕಟ್ಟಿಹಾಕಿ ಬಂದ ಚಿಂತೆ. ಟ್ರ್ಯಾಕ್ಟರು ಹತ್ತಿ ಹೊರಟ. ಮೊದಲ ಸಲ ನನ್ನ ಸಿಟ್ಟು ಅವನನ್ನು ಸುತ್ತಿಸಿ ಲಾಡ್ಜಿಗೇ ತಂದಿತು. ಎರಡನೆಯ ಸಲ ಅವನ ಎಮ್ಮೆ ಅವನನ್ನು ಎಳೆದುಕೊಂಡು ಹೋಯಿತು. ಹಾಗೆ ಹೋಗುವ ದಾರಿ ಸರಿಯಾಯಿತು. ಆದರೆ ಬರುವ ದಾರಿ ಸರಿಯಾಗಲಿಲ್ಲ. ನಿಂಬೆವ್ವನಿಗೆ ಆದದ್ದನ್ನು ಸಂಗಣ್ಣನಿಂದ ಕೇಳಿದ ಆಚೆಬಾವಿಯ ಜನ, ಊರಿಗೆ ಹೊರಟಾಗಲೆಲ್ಲ ಈ ಉಳವಪ್ಪ ಎನ್ನುವವನ ಮುಖ ಒಮ್ಮೆ ನೋಡಬೇಕು ಎಂದುಕೊಂಡೇ ಹೊರಡುತ್ತಾರೆ. ಉಪ್ಪಿನ ಗಾಡಿ, ಮೇಕೆ, ಮದುವೆಯ ದಿಬ್ಬಣ, ಎಲ್ಲ ಬಂದು ಇಳಿಯುವುದು ಅವನ ಅಂಗಳದಲ್ಲಿ. ಕುಂಡಗಳು ಒಂದೂ ಉಳಿದಿಲ್ಲ. ಹಳದಿ ಗೋಡೆಗೆ ಎಲ್ಲರ ಎತ್ತರಕ್ಕೂ ಉಪ್ಪಿನ ಕೈಯಚ್ಚು ಮೂಡಿದೆ. ಎತ್ತರದ ಜೀಪಿನವರು ಈಗ ಬೇರೆ ಊರು ಹುಡುಕಿಕೊಂಡಿದ್ದಾರೆ. ಆ ಊರಿನವರ ಹಾದಿಗಳನ್ನು ನೆನೆಸಿದರೆ ಕನಿಕರವಾಗುತ್ತದೆ.

ಉಳವಪ್ಪ ಹೇಳಿಕಳಿಸಿದ, ಆಮೇಲೆ ತಾನೇ ಬಂದ. ಮೊದಲ ಸಲ ನನ್ನ ಹೊಸ್ತಿಲ ಹೊರಗೆ ನಿಂತು ಮಾತಾಡಿದ. ಒಂದೇ ಒಂದು ಸಲ, ಬರುವಾಗ ತಣ್ಣನೆಯ ಮನಸ್ಸಿನಿಂದ, ಖಾತುನಮ್ಮನ ಅಂಗಡಿಯನ್ನು ನೆನೆಸಿಕೊಂಡು ಬಾ, ಹಾದಿಯ ತುದಿ ಮೊದಲಿದ್ದ ಕಡೆ ಸರಿಯುತ್ತದೆ ಎಂದ. ಅದೇನು ಕಷ್ಟದ ಕೆಲಸ, ತಂಗಿ ಸುಖವಾಗಿದ್ದಾಳೆ, ಕೂಸು ದುಂಡಗಿದೆ, ಇನ್ನೂ ಯಾಕೆ ಸಿಟ್ಟು ಎಂದ. ಕೂಸು ದುಂಡಗಿರುವುದು ಅವನು ಮಾಡಿದ ಉಪಕಾರವೋ ಎಂಬಂತೆ ಹೇಳಿದ.

"ನೋಡ್ತೀನ್ರಿ," ಎಂದೆ.

ಐದು ತಿಂಗಳು ತುಂಬಿದ ಮೇಲೆ ತಾಯಿ ಮಗುವನ್ನು ಗಂಡನ ಮನೆಗೆ ಕಳಿಸುವ ದಿನ ಬಂತು. ತೊಟ್ಟಿಲು, ಕುಲಾಯಿ, ಅಂಟಿನುಂಡೆಯ ಡಬ್ಬಿ ಎಲ್ಲ ಹೇರಿಕೊಂಡು ಹಾದಿಯ ಬಾಯಿಗೆ ಬಂದೆವು. ಖಾತುನಮ್ಮನ ಬೆಂಚಿನ ಮೇಲೆ ಉಳವಪ್ಪ ಕೂತಿದ್ದ. ಈಚೆಗೆ ಅವನು ಅಲ್ಲೇ ಕೂರುತ್ತಾನೆ. ಬರುವ ದಾರಿ ತಪ್ಪಿದ ಮೇಲೆ ಹೋಗುವವರ ಮೇಲೂ ಅವನಿಗೆ ಭಯ. ಖಾತುನಮ್ಮ ಕೈ ಎತ್ತುವ ಮೊದಲೇ ತಾನೇ ಎದ್ದು ಅಡ್ಡ ಬಂದು ಕೇಳುತ್ತಾನೆ. ಪೊಲೀಸರ ಹಾಗೆ ಕೇಳುತ್ತಾನೆ, ಹೆಸರು ಹೇಳುವ ತನಕ ಬಿಡುವುದಿಲ್ಲ.

"ಎಲ್ಲಿಗೆ?" ಎಂದ.

"ಆಚೆಬಾವಿಗೆ," ಎಂದಳು ನಿಂಬೆವ್ವ, ಕೂಸಿನ ಕುಲಾಯಿ ಸರಿ ಮಾಡುತ್ತ.

ಅವನು ದಾರಿ ಬಿಡಲಿಲ್ಲ. ನನ್ನ ಕಡೆಯ ಕಿಟಕಿಗೆ ಬಂದು, ಯಾರಿಗೂ ಕೇಳದ ಹಾಗೆ ಧ್ವನಿ ತಗ್ಗಿಸಿದ. "ಬರೂವಾಗ?"

"ಬರೂವಾಗ ನಿಮ್ಮ ಮನೀಗೇ ಬರ್ತೀನ್ರಿ ಸಾವಕಾರ್ರ," ಎಂದು ಗಾಡಿ ಬಿಟ್ಟೆ.